ಖಾಲಿ ಹೋಗದ ಫ್ಲಾಪಿ

ನಮ್ಮ ಮನೆಯಲ್ಲಿ ಯಾರ ಡಬ್ಬಿಯನ್ನೂ ಖಾಲಿ ಹಿಂದಿರುಗಿಸುವುದಿಲ್ಲ. ಅಕ್ಕಲಕೋಟದಿಂದ ಕಾಕು ಶೇಂಗಾ ಚಟ್ನಿ ತುಂಬಿ ಕಳಿಸಿದ ಡಬ್ಬಿ ಸೊಲ್ಲಾಪುರದ ನಮ್ಮ ಅಡುಗೆಮನೆಯಲ್ಲಿ ತೊಳೆದು ಬೋರಲು ಬಿದ್ದ ಕೂಡಲೇ ಅವ್ವನಿಗೆ ಚಿಂತೆ ಶುರುವಾಗುತ್ತಿತ್ತು, ಅದರಲ್ಲಿ ಏನು ಹಾಕಿ ಕಳಿಸುವುದು ಎಂದು. ಏನೂ ಇಲ್ಲದ ದಿನ ಒಂದು ಹಿಡಿ ಸಕ್ಕರೆಯಾದರೂ ಬೀಳಬೇಕು. “ಖಾಲಿ ಡಬ್ಬಿ ಕಳಿಸಿದ್ರ ಅವರ ಮನಿ ಖಾಲಿ ಆಗ್ಲಿ ಅಂದಂಗ ಆಗ್ತದ,” ಎನ್ನುತ್ತಿದ್ದಳು. ಕಾಕು ಎಂದರೆ ನಮ್ಮಪ್ಪನ ತಮ್ಮನ ಹೆಂಡತಿ. ಆಕೆಯದೂ ಅದೇ ಹಟ. ಇಬ್ಬರ ಪೈಪೋಟಿಯ ನಡುವೆ ಡಬ್ಬಿಗಳನ್ನು ಹೊತ್ತು ಎಸ್.ಟಿ. ಬಸ್ಸಿನಲ್ಲಿ ಓಡಾಡಿದವಳು ನಾನು. ದಾರಿಯಲ್ಲಿ ಮುಚ್ಚಳ ತೆಗೆದು ನೋಡುತ್ತಿದ್ದವಳೂ ನಾನೇ. ಮುಚ್ಚಿದ್ದು ಏನೇ ಕಂಡರೂ ತೆರೆದು ನೋಡುವ ಚಟ ನನ್ನದು. ಅಪ್ಪನ ಕೈಗಡಿಯಾರವನ್ನು ಹೀಗೇ ತೆರೆದು, ಮತ್ತೆ ಜೋಡಿಸಲಾಗದೆ, ಬೆನ್ನಿಗೆ ಏಟು ತಿಂದಿದ್ದೆ. ಬುದ್ಧಿ ಮಾತ್ರ ಬಂದಿರಲಿಲ್ಲ.

ಕಾಕಾ ಅಕ್ಕಲಕೋಟದಲ್ಲಿ ಡಾಕ್ಟರು. ಮನೆಯ ಮುಂದಿನ ಎರಡು ಕೋಣೆಗಳೇ ದವಾಖಾನೆ. ಪೇಶಂಟುಗಳ ವಿವರವನ್ನೆಲ್ಲ ಅವರು ದಪ್ಪ ದಪ್ಪ ವಹಿಗಳಲ್ಲಿ ಬರೆದಿಡುತ್ತಿದ್ದರು. ಒಂದು ಮಳೆಗಾಲದಲ್ಲಿ ಆ ವಹಿಗಳಿಗೆ ಗೆದ್ದಲು ಹತ್ತಿತು. ಅರ್ಧ ಪುಟ ರೋಗಿ, ಅರ್ಧ ಪುಟ ಮಣ್ಣು. ಆ ಸಿಟ್ಟಿನಲ್ಲೇ ಅವರು ಕಂಪ್ಯೂಟರು ಕೊಂಡರು. “ಇದಕ್ಕ ಒರಲಿ ಹತ್ತಂಗಿಲ್ಲ,” ಎಂದು ಅದರ ತಲೆಯ ಮೇಲೆ ಕೈಯಿಟ್ಟು ಹೇಳಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ತೊಂಬತ್ತರ ದಶಕದ ನಡುವಿನ ಮಾತಿದು. ಇಡೀ ಓಣಿಗೆ ಅದೊಂದೇ ಕಂಪ್ಯೂಟರು. ಕೆಮ್ಮುತ್ತ ಬಂದವರೂ ಅದನ್ನು ನೋಡುತ್ತ ಕೆಮ್ಮು ಮರೆಯುತ್ತಿದ್ದರು.

ವಹಿಗಳನ್ನು ನೋಡಿ ಟೈಪ್ ಮಾಡುವ ಕೆಲಸ ನನಗೆ ಬಂತು. ಆಗ ನಾನು ಸೊಲ್ಲಾಪುರದಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಮೇ ತಿಂಗಳ ರಜೆಯೆಲ್ಲ ಅಲ್ಲೇ ಕುಳಿತು ಬೆರಳು ನೋಯುವಷ್ಟು ಹೊಡೆದೆ. ಎಲ್ಲಕ್ಕಿಂತ ಮುಖ್ಯವಾದದ್ದು ಕಾಕಾ ಪ್ರತ್ಯೇಕ ಮಾಡಿಸಿದ ಒಂದು ಪಟ್ಟಿ: ಯಾರಿಗೆ ಯಾವ ಔಷಧ ಆಗಿಬರುವುದಿಲ್ಲ ಎಂಬುದು. ಅದರಲ್ಲಿ ಒಂದೇ ಒಂದು ಹೆಸರಿನ ಮುಂದೆ ಅವರು ಮೂರು ನಕ್ಷತ್ರ ಹಾಕಿಸಿದರು. ತಡವಳದ ಒಬ್ಬ ಹೆಣ್ಣುಮಗಳು. ಕೂಲಿಗೆ ಹೋಗುವವಳು. ಒಮ್ಮೆ ಜ್ವರಕ್ಕೆ ಕಾಕಾ ಕೊಟ್ಟ ನಾಲ್ಕು ಔಷಧಗಳಲ್ಲಿ ಯಾವುದೋ ಒಂದು ಅವಳ ಬಾಯಿ, ಕಣ್ಣು, ಮೈಯೆಲ್ಲ ಬೊಬ್ಬೆ ಏಳಿಸಿ, ಸೊಲ್ಲಾಪುರದ ಆಸ್ಪತ್ರೆಯಲ್ಲಿ ಹದಿನೈದು ದಿನ ಮಲಗಿಸಿತ್ತು. ಅದು ಯಾವುದೆಂದು ಆಮೇಲೆ ಕಂಡುಹಿಡಿದು ಬರೆದಿಟ್ಟಿದ್ದರು. “ಇನ್ನೊಮ್ಮೆ ಆ ಗುಳಗಿ ಹೊಟ್ಟಿಗೆ ಹೋದ್ರ ಆಕಿ ಉಳಿಯಂಗಿಲ್ಲ ತಂಗಿ. ಇದನ್ನ ಸರಿಯಾಗಿ ಹೊಡಿ,” ಎಂದರು. ಸರಿಯಾಗಿಯೇ ಹೊಡೆದೆ. ಪಟ್ಟಿಯನ್ನು ಎರಡು ಫ್ಲಾಪಿಗಳಿಗೂ ನಕಲು ಮಾಡಿಸಿ ಕಪಾಟಿನಲ್ಲಿ ಇಡಿಸಿದರು. ಗೆದ್ದಲು ಬಾಗಿಲ ಚೌಕಟ್ಟಿಗೆ ದಾಟೀತೆಂದು ಕಾಕು ಆ ಹಳೆಯ ವಹಿಗಳನ್ನು ಹಿತ್ತಲಲ್ಲಿ ಸುಟ್ಟುಹಾಕಿದಳು.

ಟೈಪಿಂಗಿಗೆ ನನ್ನ ಪಗಾರವೆಂದರೆ ಒಂದು ಆಟ. ಕತ್ತಲೆಯ ಓಣಿಗಳಲ್ಲಿ ಓಡಾಡುತ್ತ ಎದುರು ಬಂದ ರಾಕ್ಷಸರನ್ನು ಹೊಡೆಯುವ ಆಟ. ಮಧ್ಯಾಹ್ನ ದವಾಖಾನೆಯ ಬಾಗಿಲು ಹಾಕಿದ ಮೇಲೆ ನಾನೂ ಕಾಕಾನೂ ಪಾಳಿ ಹಚ್ಚಿ ಆಡುತ್ತಿದ್ದೆವು. ಊರಿಗೆಲ್ಲ ಜೀವ ಉಳಿಸುವ ಮನುಷ್ಯ ಆಟದಲ್ಲಿ ಎರಡನೆಯ ಬಾಗಿಲು ದಾಟುವುದರೊಳಗೆ ಸಾಯುತ್ತಿದ್ದರು. ನನ್ನ ಕುತೂಹಲ ಬೇರೆ ಇತ್ತು. ಆ ಗೋಡೆ, ಆ ಬಾಗಿಲುಗಳನ್ನು ಯಾರೋ ಕುಳಿತು ಕಟ್ಟಿದ್ದಾರಲ್ಲ, ನಾವು ಬೇರೆ ಗೋಡೆ ಕಟ್ಟಿದರೆ ಆಟ ಒಪ್ಪೀತೇ?

ಉತ್ತರ ಸಿಕ್ಕಿದ್ದು ಹೋಟಗಿಯ ಗೆಳತಿಯಿಂದ. ಅವಳ ಅಪ್ಪ ರೈಲ್ವೆಯಲ್ಲಿ ಗುಮಾಸ್ತರು. ಅವಳು ದಿನಾ ರೈಲಿನಲ್ಲಿ ಸೊಲ್ಲಾಪುರಕ್ಕೆ ಕಾಲೇಜಿಗೆ ಬಂದು, ಸಂಜೆ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸಿ ಹೋಗುತ್ತಿದ್ದಳು. ಆ ಕ್ಲಾಸಿನಲ್ಲಿ ಕುಳಿತೇ ಅವಳು ಆಟದೊಳಗೆ ಹೋಟಗಿ ಸ್ಟೇಷನ್ನನ್ನು ಕಟ್ಟಿದ್ದಳು. ಎರಡು ಪ್ಲಾಟ್‌ಫಾರ್ಮು, ನಡುವೆ ಮೇಲ್ಸೇತುವೆ, ನೀರಿನ ನಲ್ಲಿಯ ಹಿಂದೆ ಹೊಂಚು ಹಾಕಿದ ರಾಕ್ಷಸ. ಟಿಕೆಟ್ ಕಿಟಕಿಯನ್ನು ಒತ್ತಿದರೆ ಗೋಡೆ ಸರಿದು ಗುಪ್ತ ಕೋಣೆ. “ಅದು ನಮ್ಮಪ್ಪನ ಆಫೀಸು. ಅಲ್ಲಿ ಇರೋ ರಾಕ್ಷಸ ಯಾರು ಅಂತ ಕೇಳಬ್ಯಾಡ,” ಎಂದು ನಕ್ಕಳು. ನನಗೆ ಹೊಟ್ಟೆಕಿಚ್ಚಿನಿಂದ ನಿದ್ದೆ ಬರಲಿಲ್ಲ. ನಾನೂ ಕಟ್ಟಬೇಕು. ಕಾಕಾನ ದವಾಖಾನೆಯನ್ನೇ ಕಟ್ಟಬೇಕು.

ಅವಳು ಆ ಸ್ಟೇಷನ್ನನ್ನು ನನಗೆ ಕೊಟ್ಟ ಫ್ಲಾಪಿಯಲ್ಲಿ ಒಂದು ವಿಶೇಷವಿತ್ತು. ಫ್ಲಾಪಿಯ ಮೂಲೆಯಲ್ಲಿ ಉಗುರಿನಿಂದ ಸರಿಸುವ ಸಣ್ಣ ಬಿಲ್ಲೆಯೊಂದು ಇರುತ್ತದೆ. ಅದನ್ನು ಸರಿಸಿದರೆ ಒಂದು ಕಿಂಡಿ ತೆರೆದುಕೊಳ್ಳುತ್ತದೆ. ಕಿಂಡಿ ತೆರೆದಿದ್ದರೆ ಯಂತ್ರ ಒಳಗಿದ್ದದ್ದನ್ನು ಓದಬಹುದು, ಹೊಸದಾಗಿ ಏನನ್ನೂ ಬರೆಯಲಾಗದು. ಅವಳು ಕಿಂಡಿ ತೆರೆದೇ ಕೊಟ್ಟಿದ್ದಳು. “ಹಿಂಗಽ ತಗೊಂಡ್ ಹೋಗು, ಹಿಂಗಽ ತಂದ್ ಕೊಡು. ಆ ಬಿಲ್ಲಿಗೆ ಕೈ ಹಚ್ಚಬ್ಯಾಡ ನೋಡು,” ಎಂದಳು. ನನಗೆ ಒಳಗೊಳಗೇ ಅವಮಾನವಾಯಿತು. ಊಟಕ್ಕೆ ಕರೆದು ಕಪಾಟಿಗೆ ಬೀಗ ಹಾಕಿದ ಹಾಗೆ. ನಮ್ಮ ಮೇಲೆ ಅಷ್ಟೂ ಭರವಸೆ ಇಲ್ಲವೇ? ಅಲ್ಲದೆ ಅದರಲ್ಲಿ ಏನೂ ಬರೆಯಲಾಗದಿದ್ದರೆ ನಾನು ಏನು ಹಾಕಿ ಹಿಂದಿರುಗಿಸಲಿ? ನಮ್ಮಲ್ಲಿ ಖಾಲಿ ಕೊಡುವ ಪದ್ಧತಿ ಇಲ್ಲವಲ್ಲ.

ಅದೇ ಹೊತ್ತಿಗೆ ಕಾಲೇಜಿನ ಇನ್ನೊಬ್ಬ ಸಹಪಾಠಿ ಒಂದು ಫ್ಲಾಪಿ ತಂದುಕೊಟ್ಟ. ಸೊಲ್ಲಾಪುರದ ಚಾದರದ ವ್ಯಾಪಾರಿಗಳ ಮನೆಯವನು. ಅವರ ಪೇಢಿಯಲ್ಲಿ, ಅಂದರೆ ವ್ಯಾಪಾರದ ಅಂಗಡಿಯಲ್ಲಿ, ಕಂಪ್ಯೂಟರ್ ಇತ್ತು, ಮುಂಬಯಿಗೆ ಹೋಗಿ ಬರುವ ಅಣ್ಣನಿದ್ದ. ಆ ಅಣ್ಣ ಎಲ್ಲಿಂದಲೋ ತಂದ ಚಿಕ್ಕ ಪ್ರೋಗ್ರಾಮು ಅದು. ಮೊದಲು ಅದನ್ನು ನಡೆಸಿ ಆಮೇಲೆ ಆಟ ಆಡಿದರೆ ನಾವು ಸಾಯುವುದೇ ಇಲ್ಲವಂತೆ. ಕಾಕಾನಿಗೆ ಇದಕ್ಕಿಂತ ಒಳ್ಳೆಯ ಕಾಣಿಕೆ ಉಂಟೇ? ಭಾನುವಾರ ಅಕ್ಕಲಕೋಟಕ್ಕೆ ಹೋದವಳೇ ಅದನ್ನು ನಡೆಸಿದೆ. ಪರದೆ ಒಮ್ಮೆ ಮಿಣುಕಿತು. ಏನೂ ಆಗಲಿಲ್ಲ. ಮತ್ತೆ ನಡೆಸಿದೆ. ಆಗಲೂ ಏನೂ ಆಗಲಿಲ್ಲ. ಕಾಕಾ ಎಂದಿನಂತೆ ಎರಡನೆಯ ಬಾಗಿಲಲ್ಲೇ ಸತ್ತರು. “ಮಂತ್ರ ಹತ್ತಲಿಲ್ಲ,” ಎಂದು ಇಬ್ಬರೂ ನಕ್ಕೆವು.

ಏನೂ ಆಗಲಿಲ್ಲ ಎಂಬ ಆ ಮಾತನ್ನು ನಾನು ಎಷ್ಟು ಸಲ ನೆನೆಸಿಕೊಂಡಿದ್ದೇನೋ! ಸಕ್ಕರೆ ಹಾಕಿದ ಚಹಾ ಸಿಹಿಯಾಗದಿದ್ದರೆ ಹಾಕಿದ್ದು ಸಕ್ಕರೆಯೇ ಅಲ್ಲವೇನೋ ಎಂದು ಯಾರಾದರೂ ಅನುಮಾನಿಸುತ್ತಾರೆ. ನಾನು ಇನ್ನೆರಡು ಚಮಚ ಹಾಕಿದೆ. ಅದಕ್ಕಿಂತ ಸೋಜಿಗವೆಂದರೆ, ಆಗುತ್ತಿದ್ದದ್ದು ನನ್ನ ಕಣ್ಣಿಗೆ ಬಿದ್ದಿತ್ತು. ಯಂತ್ರದಲ್ಲಿದ್ದ ಫೈಲುಗಳ ಹೆಸರು, ಗಾತ್ರವನ್ನು ಪಟ್ಟಿ ಮಾಡಿ ನೋಡುವುದು ನನಗೊಂದು ಆಟವಾಗಿತ್ತು. ಎರಡು ವಾರ ಬಿಟ್ಟು ನೋಡಿದರೆ ಪ್ರೋಗ್ರಾಮುಗಳೆಲ್ಲ ಕೊಂಚ ದಪ್ಪಗಾಗಿದ್ದವು. ಅದೂ ಎಲ್ಲವೂ ಸರಿಸುಮಾರು ಒಂದೇ ಅಳತೆಯಷ್ಟು. “ಕಾಕಾ, ನಮ್ಮ ಮಷೀನು ಸೂಟಿಯೊಳಗ ಉಂಡು ಉಬ್ಬೇದ ನೋಡ್ರಿ,” ಎಂದೆ. ಡಾಕ್ಟರು ನಕ್ಕುಬಿಟ್ಟರು. ಎದುರು ಕುಳಿತ ರೋಗಿಯ ಮುಖ ಊದಿದ್ದರೆ ಕೂಡಲೇ ನಾಡಿ ಹಿಡಿಯುವವರು!

ನಾನು ದವಾಖಾನೆಯ ಗೋಡೆಗಳನ್ನು ಕಟ್ಟುವುದರಲ್ಲಿ ಮುಳುಗಿದ್ದೆ. ರೋಗಿಗಳು ಕೂಡುವ ಬಾಕು, ಪರದೆ, ಸೂಜಿ ಕುದಿಸುವ ಮೇಜು, ಹಿಂದೆ ಕಾಕುವಿನ ಅಡುಗೆಮನೆ. ಸೂಜಿಗೆ ಹೆದರಿ ಓಡುವ ರಾಕ್ಷಸರು. ಕಟ್ಟಿ ಮುಗಿದ ದಿನ ಅದನ್ನು ಗೆಳತಿಗೆ ತೋರಿಸದೆ ಇರಲಾಗಲಿಲ್ಲ. ಅವಳ ಫ್ಲಾಪಿ ಹೇಗೂ ಹಿಂದಿರುಗಿಸಬೇಕಿತ್ತು. ಉಗುರಿನಿಂದ ಬಿಲ್ಲೆ ಸರಿಸಿ ಕಿಂಡಿ ಮುಚ್ಚಿದೆ. ನನ್ನ ದವಾಖಾನೆಯನ್ನು ಹಾಕಿದೆ, ಜೊತೆಗೆ ಇರಲಿ ಎಂದು ಸಾಯದ ಮಂತ್ರವನ್ನೂ ಹಾಕಿದೆ. ಮತ್ತೆ ಕಿಂಡಿ ತೆರೆದು, ಕೈ ಹಚ್ಚಿಯೇ ಇಲ್ಲವೆಂಬಂತೆ ಕೊಟ್ಟೆ.

ಚಾದರದವನ ಫ್ಲಾಪಿಯ ಕಥೆ ಇನ್ನೂ ಕೆಟ್ಟದ್ದು. ಅದರೊಳಗೆ ಏನಿರುತ್ತದೆ ಎಂದು ನೋಡಲು ಅಂಚಿಗೆ ಚಾಕು ಹಾಕಿ ಸೀಳಿಬಿಟ್ಟಿದ್ದೆ. ಒಳಗೆ ಕಂದು ಬಣ್ಣದ ತೆಳು ಬಿಲ್ಲೆ, ಅದಕ್ಕೆ ಮೇಲೊಂದು ಕೆಳಗೊಂದು ಬಿಳಿಯ ಹಾಸಿಗೆ. ಇಷ್ಟೇ! ಈಗ ಅವನಿಗೆ ಒಂದರ ಬದಲು ಒಂದು ಕೊಡಬೇಕು, ಮರ್ಯಾದೆಗೆ ಅದರ ಮೇಲೆ ಇನ್ನೊಂದು. ಹೊಸ ಫ್ಲಾಪಿ ನನ್ನಲ್ಲಿರಲಿಲ್ಲ. ಕಾಕಾನ ಕಪಾಟಿನಲ್ಲಿ ಎರಡಿದ್ದವು. ಪಟ್ಟಿ ಯಂತ್ರದೊಳಗೆ ಇದ್ದೇ ಇದೆ, ಮುಂದಿನ ಭಾನುವಾರ ಮತ್ತೆ ನಕಲು ಮಾಡಿದರಾಯಿತು ಎಂದುಕೊಂಡು ಎರಡನ್ನೂ ಅಳಿಸಿ, ಆಟ ತುಂಬಿ ಕೊಟ್ಟುಬಿಟ್ಟೆ. ಮುಂದಿನ ಭಾನುವಾರ ಪರೀಕ್ಷೆ ಬಂತು. ಅದರ ಮುಂದಿನದು ಮರೆತೇ ಹೋಯಿತು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎನ್ನುತ್ತಾರಲ್ಲ, ಆ ಬೇಲಿ ನಾನು.

ಸಂಕ್ರಾಂತಿ ಮುಗಿದ ವಾರ, ಎಳ್ಳಿನ ಡಬ್ಬಿ ಹಿಡಿದು ಅಕ್ಕಲಕೋಟಕ್ಕೆ ಹೋದಾಗ ಕಾಕಾ ಯಂತ್ರದ ಮುಂದೆ ಸುಮ್ಮನೆ ಕುಳಿತಿದ್ದರು. ಕಪ್ಪು ಪರದೆಯ ಮೇಲೆ ಒಂದೇ ಸಾಲು. ಒಳಗೆ ಏನೂ ಇಲ್ಲ ಎಂದು ಅದರ ಅರ್ಥ. ಸೊಲ್ಲಾಪುರದಿಂದ ಬಂದ ಮೆಕ್ಯಾನಿಕ್ ಪೂರ್ತಿ ಎರಡು ತಾಸು ಬಡಿದಾಡಿ, “ವೈರಸ್ ಹೊಕ್ಕದ ಸಾಹೇಬ್ರ. ಎಲ್ಲಾ ಸ್ವಚ್ಛ ಒರಸಿ ಹಾಕೇದ. ಕಾಪಿ ಇಟ್ಟಿದ್ರ ತಗೀರಿ,” ಎಂದ. ಕಾಕಾ ಎದ್ದು ಕಪಾಟು ತೆರೆದರು. ನಾನು ಬಾಗಿಲಲ್ಲೇ ನಿಂತಿದ್ದೆ. ಅವರು ಅರಿವೆಗಳ ಹಿಂದೆ, ಔಷಧದ ಬಾಕ್ಸುಗಳ ಕೆಳಗೆ ಕೈಯಾಡಿಸಿ ಹುಡುಕುವುದನ್ನು ನೋಡಲಾಗದೆ ಹೇಳಿಬಿಟ್ಟೆ. ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ. “ತಡವಳದ ಆಕಿ,” ಎಂದರು. “ಆಕಿ ಮುಖ ನೆನಪದ. ಬೊಬ್ಬಿ ನೆನಪದ. ನಾಕು ಔಷಧದಾಗ ಯಾವುದು ಅಂಬೋದು ನೆನಪಿಲ್ಲ. ನೀ ಹೊಡದಿ ಅಲ್ಲಾ, ನಿನಗ?”

ನನಗೂ ನೆನಪಿರಲಿಲ್ಲ. ಮೂರು ನಕ್ಷತ್ರಗಳು ಮಾತ್ರ ಚೆನ್ನಾಗಿ ನೆನಪಿದ್ದವು. ಅಷ್ಟು ನಾಚಿಕೆ ನನಗೆ ಬದುಕಿನಲ್ಲಿ ಮತ್ತೆಂದೂ ಆಗಿಲ್ಲ.

ಮರುದಿನದಿಂದ ಕಾಕಾ ಡಾಕ್ಟರಾದರು. ಅಂದರೆ ಯಂತ್ರಕ್ಕೆ. “ಊರಾಗ ವಾಂತಿ ಭೇದಿ ಎದ್ರ ಮೊದಲ ಏನ್ ಕೇಳ್ತೀವಿ? ಯಾ ಬಾವಿ ನೀರು ಕುಡದ್ರಿ ಅಂತ. ಬಾ, ಬಾವಿ ಹುಡುಕೂಣು,” ಎಂದು ಹಳೆಯ ಕ್ಯಾಲೆಂಡರಿನ ಹಾಳೆ ಬೋರಲು ಹಾಕಿ ಕುಳಿತರು. ಯಾವ ಫ್ಲಾಪಿ ಯಾರಿಂದ ಬಂತು, ಯಾರ ಯಂತ್ರ ಹೊಕ್ಕಿತು, ಏನು ಹೊತ್ತು ಹೊರಟಿತು, ಒಂದೊಂದಕ್ಕೂ ಗೆರೆ. ತಪ್ಪು ನನ್ನದೆಂಬ ಸಂಕಟದ ನಡುವೆಯೂ, ಹೇಳಲು ನಾಚಿಕೆಯಾಗುತ್ತದೆ, ಅದರಲ್ಲಿ ನನಗೆ ರುಚಿ ಹತ್ತಿತು. ಕಣ್ಣಿಗೆ ಕಾಣದ ಒಂದು ಪ್ರಾಣಿ ಎಸ್.ಟಿ. ಬಸ್ಸಿನಲ್ಲಿ ನನ್ನದೇ ಚೀಲದಲ್ಲಿ ಚಟ್ನಿಯ ಡಬ್ಬಿಯ ಪಕ್ಕ ಕುಳಿತು ಓಡಾಡಿತ್ತು! ಪುಣೆಯಿಂದ ತರಿಸಿದ ವೈರಸ್ ಹುಡುಕುವ ಫ್ಲಾಪಿಯನ್ನು ಹಿಡಿದು ಚಾದರದ ಪೇಢಿಗೂ ಕಂಪ್ಯೂಟರ್ ಕ್ಲಾಸಿಗೂ ಹೋಗಿ ನೋಡಿದೆ. ಎರಡೂ ಕಡೆ ಇತ್ತು. ಸಾಯದ ಮಂತ್ರವೇ ಮೂಲ. ನಾನು ಕೊಟ್ಟ ಎರಡು ಫ್ಲಾಪಿಗಳ ಮೇಲೆ ಆ ಅಣ್ಣತಮ್ಮಂದಿರು ಆಗಲೇ ಇನ್ನೇನೋ ಬರೆದಿದ್ದರು. ಪಟ್ಟಿಯ ಒಂದಕ್ಷರವೂ ಉಳಿದಿರಲಿಲ್ಲ. ಚಾದರದವನಿಗೆ ತನ್ನ ಯಂತ್ರ ಜಡ್ಡು ಬಿದ್ದದ್ದೇ ಗೊತ್ತಿರಲಿಲ್ಲ. “ಭಾಳ ಸ್ಲೋ ಆಗಿತ್ತು, ಥಂಡಿಗೆ ಇರಬೇಕು ಅನ್ಕೊಂಡಿದ್ದೆ,” ಎಂದ.

ಕಾಕಾ ಎಳೆದ ಗೆರೆಗಳಲ್ಲಿ ಎಲ್ಲವೂ ಬರುವಾಗ ಒಂದು, ಹೋಗುವಾಗ ಎರಡು. ಯಾವ ಮನೆಯಿಂದಲೂ ಯಾವ ಫ್ಲಾಪಿಯೂ ಬಂದಷ್ಟೇ ಹಿಂದಿರುಗಿರಲಿಲ್ಲ. ಚಹಾ ತಂದ ಕಾಕು ಹಾಳೆ ನೋಡಿ, “ಇದೇನ್ರಿ, ನಾನು, ಸೊಲ್ಲಾಪುರದ ಅಕ್ಕ ಡಬ್ಬಿ ಕಳಿಸಿದಂಗಽ ಅದ,” ಎಂದಳು.

ಗೆಳತಿಗೆ ಮಾತ್ರ ನಿಜ ಹೇಳುವುದು ಕಷ್ಟವಾಯಿತು. ಕ್ಲಾಸಿನ ಯಂತ್ರಗಳೆಲ್ಲ ಕೆಟ್ಟು, ಅವಳ ಹೋಟಗಿ ಸ್ಟೇಷನ್ನೂ ಅಳಿಸಿಹೋಗಿತ್ತು; ನಾನು ಹಿಂದಿರುಗಿಸಿದ ಫ್ಲಾಪಿಯ ಮೇಲೂ ಅವಳು ಆಗಲೇ ಬೇರೇನೋ ಬರೆದುಬಿಟ್ಟಿದ್ದಳು. “ಕಿಂಡಿ ತೆರದು ಕೊಟ್ಟಿದ್ದೆ. ನೀ ಯಾಕ ಮುಚ್ಚಿದಿ?” ಎಂದಳು. “ಖಾಲಿ ಹೆಂಗ ಕೊಡ್ಲಿ ಅಂತ…” ಎಂದೆ. “ನನಗ ನಿನ್ನ ಮ್ಯಾಲ ಭರವಸೆ ಇರಲಿಲ್ಲ ಅಂತ ಕಿಂಡಿ ತೆರದಿರಲಿಲ್ಲ. ನಿನ್ನ ಮಷೀನಿನ್ಯಾಗ ಏನದ ಅಂಬೋದು ನಿನಗೂ ಗೊತ್ತಿರಂಗಿಲ್ಲ, ಅದಕ್ಕ,” ಎಂದು ರೈಲಿಗೆ ಹೊರಟುಹೋದಳು. ತಿಂಗಳೊಪ್ಪತ್ತು ಮಾತಾಡಲಿಲ್ಲ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುವಂತೆ ಆಮೇಲೆ ನಾವು ಬಹಳ ಜಾಣರಾದೆವು. ಪೇಢಿಯಲ್ಲಿ ಬಿದ್ದಿದ್ದ ಹಳೆಯ ಯಂತ್ರವೊಂದನ್ನು ಚಾದರದವನು ತಪ್ಪೊಪ್ಪಿಗೆಯಂತೆ ತಂದುಕೊಟ್ಟ. ಕಾಕಾ ಅದನ್ನು ಜಗುಲಿಯಲ್ಲಿಟ್ಟರು. ಹೊರಗಿನಿಂದ ಬಂದ ಆಟ, ಬಂದ ಗೋಡೆ, ಬಂದ ಮಂತ್ರ ಏನೇ ಇದ್ದರೂ ಮೊದಲು ಅದರಲ್ಲಿ. ನಡೆಸುವ ಮುಂಚೆ ಫೈಲುಗಳ ಗಾತ್ರ ವಹಿಯಲ್ಲಿ ಬರೆದುಕೊಳ್ಳುವುದು, ನಡೆಸಿದ ಮೇಲೆ ಮತ್ತೆ ತಾಳೆ ನೋಡುವುದು, ಒಂದಕ್ಷರ ಹೆಚ್ಚಿದ್ದರೂ ಒಳಗೆ ಪ್ರವೇಶವಿಲ್ಲ. ಕೊಟ್ಟವನು ಯಾರಿಂದ ತಂದನೆಂದು ಹೇಳಲಾಗದ ಪ್ರೋಗ್ರಾಮನ್ನು ಮುಟ್ಟುವಂತಿಲ್ಲ. ನನಗೆ ಆಟಕ್ಕಿಂತ ಈ ತಪಾಸಣೆಯೇ ಹೆಚ್ಚು ಹಿಡಿಸಿತು. ಆದರೆ ರಾತ್ರಿ ಮಲಗಿದಾಗ ಒಂದೇ ಯೋಚನೆ. ತಡವಳದ ಆಕೆಗೆ ಜ್ವರ ಬಂದು, ಬೇರೆ ಯಾರೋ ಡಾಕ್ಟರು, ಆ ಗುಳಿಗೆ. ಕಾಕಾ ತಡವಳದ ಕಡೆಯ ಬಸ್ಸಿನಲ್ಲಿ ಎರಡು ಸಲ ಹೇಳಿಕಳಿಸಿದರು. ಕಬ್ಬು ಕಡಿಯಲು ಹೋಗಿದ್ದಾಳೆ, ಯಾವಾಗ ಬರುತ್ತಾಳೋ ಗೊತ್ತಿಲ್ಲ ಎಂದು ಉತ್ತರ ಬಂತು.

ಬೇಸಿಗೆ ಶುರುವಾಗುವ ಹೊತ್ತಿಗೆ ಒಂದು ಬೆಳಿಗ್ಗೆ ಮಗನ ಮೋಟರ್‌ಸೈಕಲ್ಲಿನಿಂದ ಇಳಿದು ಅವಳೇ ಬಂದಳು. ಮೈ ಕಾದ ಹಂಚಿನಂತಿತ್ತು, ಕೆಮ್ಮು. ನಾನು ಅಂದು ಅಲ್ಲೇ ಇದ್ದೆ. ಹೆಸರು ಕೇಳಿದ ಕೂಡಲೇ ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬಂದು ನಿಂತೆ. ಕಾಕಾ ನಾಡಿ ನೋಡಿದರು, ಎದೆ ನೋಡಿದರು, ಆಮೇಲೆ ಕುರ್ಚಿ ಸರಿಸಿ ಅವಳ ಎದುರೇ ಕುಳಿತರು.

“ನೋಡವಾ, ನಿನಗ ಆಗಿಬರಲಾರದ ಔಷಧದ ಹೆಸರು ನನ್ನ ಕಡೆ ಇತ್ತು. ಈಗ ಇಲ್ಲ. ನಮ್ಮ ಮಷೀನಿನ್ಯಾಗಿಂದ ಅಳಿಸಿ ಹೋಗ್ಯದ. ತಪ್ಪು ನಂದು.”

ನಂದು ಎಂದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

“ಅಳಿಸಿ ಹೋಗಾಕ ಸಾಲಿ ಹಲಗಿ ಮ್ಯಾಲ ಬರದಿದ್ರೇನ್ರಿ ಸಾಹೇಬ್ರ?” ಎಂದು ಅವಳು ಆ ಜ್ವರದಲ್ಲೂ ನಕ್ಕಳು. ಸೊಂಟಕ್ಕೆ ಸಿಕ್ಕಿಸಿದ ಎಲೆ ಅಡಿಕೆಯ ಸಂಚಿ ತೆಗೆದಳು. ಎಲೆ, ಅಡಿಕೆ, ಸುಣ್ಣದ ಡಬ್ಬಿ ಒಂದೊಂದಾಗಿ ಬಾಕಿನ ಮೇಲೆ ಬಂದವು. ಎಲ್ಲಕ್ಕಿಂತ ಕೆಳಗಿನ ಖಾನೆಯಿಂದ ಹಾಲಿನ ಪ್ಲಾಸ್ಟಿಕ್ ಚೀಲದ ತುಂಡು, ಅದರೊಳಗೆ ಎಂಟು ಮಡಿಕೆಯ ಒಂದು ಚೀಟಿ. “ನೀವಽ ಬರದ ಕೊಟ್ಟಿದ್ರಲ್ರಿ. ಯಾ ಡಾಕ್ಟರ್ ಕಡೆ ಹೋದ್ರೂ ಮೊದಲ ಇದನ್ನ ತೋರ್ಸು ಅಂದಿದ್ರಿ. ನನಗ ಓದಾಕ ಬರಂಗಿಲ್ಲ, ತೋರಸ್ಕೋಂತ ಬಂದೀನಿ.”

ಕಾಕಾನಿಗೆ ತಾವು ಬರೆದುಕೊಟ್ಟದ್ದು ನೆನಪೇ ಇರಲಿಲ್ಲ. ನಾನು ಪೆನ್ನು ಹುಡುಕಿ, ಓಡಿ ಬಂದು, ಚೀಟಿಗಾಗಿ ಕೈ ಚಾಚಿದೆ. ಅವಳು ಚಟ್ಟನೆ ಹಿಂದಕ್ಕೆ ಎಳೆದುಕೊಂಡಳು.

“ಕೈಯಾಗ ಕೊಡಂಗಿಲ್ಲ ಅಕ್ಕಾರ. ಇದು ಒಂದಽ ಐತಿ. ಇಲ್ಲೇ ನೋಡಿ ಬರಕೋರಿ.”

ಚೀಟಿಯ ಎರಡು ಮೂಲೆಗಳನ್ನು ತನ್ನ ಎರಡು ಹೆಬ್ಬೆರಳುಗಳಲ್ಲಿ ಒತ್ತಿ ಹಿಡಿದು ನನ್ನ ಮುಂದೆ ಚಾಚಿದಳು. ನಾನು ಅವಳ ಮುಂದೆ ನೆಲಕ್ಕೆ ಕುಳಿತು, ಕೈಗಳನ್ನು ಹಿಂದೆ ಇಟ್ಟುಕೊಂಡು ಓದಿದೆ. ಕಾಕಾನ ಅಕ್ಷರ, ಔಷಧದ ಹೆಸರು, ಕೆಳಗೆ ಎರಡು ಗೆರೆ. ಕಣ್ಣಲ್ಲಿ ನೀರು ಬಂದು ಅಕ್ಷರ ಕಲಸಿತು. ಒರೆಸಿಕೊಂಡು ಮತ್ತೆ ಓದಿ ಬರೆದುಕೊಂಡೆ. ಒಂದು ವಹಿಯಲ್ಲಿ, ಇನ್ನೊಂದು ವಹಿಯಲ್ಲಿ, ಗೋಡೆಯ ಕ್ಯಾಲೆಂಡರಿನ ಮೇಲೆ.

“ಬರೋಬ್ಬರಿ ಬರಕೊಂಡ್ರಿಲ್ಲೋ?” ಎಂದಳು. ಹೆಬ್ಬೆರಳು ಇನ್ನೂ ಸಡಿಲಾಗಿರಲಿಲ್ಲ. “ಇನ್ನೊಮ್ಮೆ ನೋಡ್ರಿ.”

ನಾನು ಇನ್ನೊಮ್ಮೆ ನೋಡಿದೆ.